ನೌಬಾದಿನ ಹಿತ್ತಲಿಗೆ ಬಂದ ಎಳ್ಳಮಾವಾಸ್ಯೆ

ಅತ್ತೆಯವರ ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಇನ್ನು ಆರಾಮಾಗಿ ನಡೆಯಬಹುದು ಎಂದು ಡಾಕ್ಟರು ಹೇಳಿದ್ದರೂ ಅವರು ವಾಕರ್ ಬಿಟ್ಟಿರಲಿಲ್ಲ. ಬಿದ್ದುಬಿಟ್ಟರೆ ಎಂಬ ಹೆದರಿಕೆ. ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ಅವರ ಮಾತೂ ಕಡಿಮೆಯಾಯಿತು. ಆ ದಿನ ನಮ್ಮ ಕಡೆ ಹೊಲವಿದ್ದವರು ಮನೆಯಲ್ಲಿ ಉಣ್ಣುವುದಿಲ್ಲ. ಹೊಲದಲ್ಲಿ ಜೋಳದ ದಂಟಿನಿಂದ ಪುಟ್ಟ ಗುಡಿಸಲಿನಂಥ ಕೊಪ್ಪಿ ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಭೂಮಿತಾಯಿಗೆ ಎಡೆಯ ಅಡುಗೆಯನ್ನೇ ಚರಗವೆಂದು ಚೆಲ್ಲಿ, ಬಂದವರಿಗೆಲ್ಲ ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಬಡಿಸಿ ಉಣ್ಣುತ್ತೇವೆ. ಔರಾದ್ ಹತ್ತಿರದ ನಮ್ಮ ಹೊಲಕ್ಕೆ ರಸ್ತೆಯಿಂದ ಬಹಳ ದೂರ ಬದುವಿನ ಮೇಲೆ ನಡೆಯಬೇಕು.

“ನೀವು ಹೋಗಿ ಬರ್ರಿ. ನಾ ಟಿವಿ ನೋಡ್ಕೋತ ಕೂಡ್ತೇನಿ,” ಎಂದರು ಅತ್ತೆ.

ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. “ಹೊಲಾನೇ ಇಲ್ಲಿಗಿ ತರೋಣ್ರಿ ಅತ್ತಿ. ಹಿತ್ತಲದಾಗ ಮಾಡೋಣ,” ಎಂದುಬಿಟ್ಟೆ.

ನೌಬಾದಿನ ನಮ್ಮ ಮನೆಯ ಹಿತ್ತಲೆಂದರೆ ಒಂದು ಪೇರಲ ಗಿಡ, ನಾಲ್ಕು ಸಾಲು ಬದನೆ, ಒಂದು ಮಡಿ ಮೆಂತ್ಯ. ಓಣಿಯವರು, ನಾನು ಕಲಿಸುವ ಸಾಲಿಯ ಟೀಚರುಗಳು ಎಂದು ಕರೆಯುತ್ತ ಹೋದಂತೆ ಪಟ್ಟಿ ನಲವತ್ತಕ್ಕೆ ಮುಟ್ಟಿತು. ನನ್ನ ಗಂಡ ಅದನ್ನು ಓದಿ, “ಇಷ್ಟು ಮಂದೀನ ಎಲ್ಲಿ ಕೂಡಸ್ತಿ? ಪ್ಯಾರಲ ಗಿಡದ ಮ್ಯಾಲೇನು?” ಎಂದರು. ಭಜ್ಜಿಗೆ ಸಾಕಾಗುವಷ್ಟು ದೊಡ್ಡ ಪಾತ್ರೆಯೂ ನಮ್ಮಲ್ಲಿರಲಿಲ್ಲ. ಪಕ್ಕದ ಮನೆಯ ಆಪಾ ಕಾಂಪೌಂಡಿನ ಆಚೆಯಿಂದಲೇ, “ಫಿಕರ್ ಯಾಕ್ ಮಾಡ್ತೀರಿ? ಮಗಳ ಶಾದಿದು ದೇಗ್ ಅದ, ಜಮಖಾನಾ ಭೀ ಅವ,” ಎಂದು ಎರಡನ್ನೂ ಕಳಿಸಿಕೊಟ್ಟರು.

ಹಬ್ಬದ ಹಿಂದಿನ ದಿನ ನನ್ನ ಗಂಡ ಔರಾದಿನಿಂದ ಹಸಿ ದಂಟಿನ ಹೊರೆ ತಂದು ಗೇಟಿನ ಹೊರಗೆ ಒರಗಿಸಿದರು. ಬೆಳಿಗ್ಗೆ ನಾನು ರಂಗೋಲಿ ಹಾಕಲು ಹೋದರೆ ಅಲ್ಲೊಂದು ಎಮ್ಮೆ ನಿಂತಿತ್ತು. ಹೊರೆಯಲ್ಲಿ ಉಳಿದದ್ದು ಹಗ್ಗ ಮಾತ್ರ. ಎಮ್ಮೆ ನನ್ನ ಮುಖ ನೋಡುತ್ತ ನಿಧಾನವಾಗಿ ಕೊನೆಯ ತೆನೆ ಜಗಿಯಿತು.

ಭಾಲ್ಕಿಯಿಂದ ಹೊರಡಲಿದ್ದ ನಾದಿನಿಗೆ ಫೋನ್ ಮಾಡಿದೆ. “ಅಳಬ್ಯಾಡ್ರಿ ವೈನಿ, ನಾ ತರ್ತೇನಿ,” ಎಂದಳು. ಮನೆ ಹಿಂದಿನ ಹೊಲದವರನ್ನು ಕೇಳಿ ದಂಟು ಕೊಯ್ಯಿಸಿಕೊಂಡು ಬಸ್ ಹತ್ತಿಯೇಬಿಟ್ಟಳು. ನಾವು ನೌಬಾದಿನ ಸ್ಟಾಪಿನಲ್ಲಿ ಕಾದಿದ್ದೆವು. ಬಸ್ಸಿನ ಹಿಂದಿನ ಕಿಟಕಿಯಿಂದ ತೆನೆಗಳು ತೂಗಾಡುತ್ತ ಬರುತ್ತಿದ್ದವು! ಕಂಡಕ್ಟರನೇ ಹೊರೆ ಇಳಿಸುತ್ತ, “ಅಕ್ಕೋರ, ಇದು ಬಸ್ಸೋ ಬಂಡಿನೋ ನನಗ ತಿಳೀಲಿಲ್ಲ ನೋಡ್ರಿ. ಭಜ್ಜಿ ಕೊಡ್ತೇನಂದಾರ ಇವರು, ಮರೀಬ್ಯಾಡ್ರಿ,” ಎಂದ. ನಾದಿನಿ ಮರೆಯಲಿಲ್ಲ. ಮಧ್ಯಾಹ್ನ ಅದೇ ಬಸ್ಸು ತಿರುಗಿ ಭಾಲ್ಕಿಗೆ ಹೊರಟಾಗ ರಸ್ತೆಯ ಬದಿ ನಿಂತು, ಅವನಿಗೂ ಡ್ರೈವರನಿಗೂ ಸಜ್ಜಿ ರೊಟ್ಟಿ, ಭಜ್ಜಿಯ ಡಬ್ಬಿ ಕೊಟ್ಟು ಬಂದಳು.

ಅದು ಆಮೇಲಿನ ಮಾತು; ನಾವು ದಂಟು ಹೊತ್ತು ಬರುವಷ್ಟರಲ್ಲಿ ಹಿತ್ತಲು ತುಂಬಿತ್ತು. ಪೇರಲ ಗಿಡಕ್ಕೆ ಒರಗಿಸಿ ಕೊಪ್ಪಿ ಕಟ್ಟಿದೆವು. ಹಸಿಗಡಲೆ, ಅವರೆ, ಗಜ್ಜರಿ, ಮೆಂತ್ಯ ಎಲ್ಲ ಕೂಡಿ ದೇಗಿನಲ್ಲಿ ಕುದಿಯುವ ವಾಸನೆಗೆ ಕರೆಯದವರೂ ಒಳಗೆ ಬಂದರು. ಅತ್ತೆ ಕುರ್ಚಿಯ ಮೇಲೆ ಕೂತು, ಮುಂದೆ ವಾಕರ್ ಇಟ್ಟುಕೊಂಡು, ಹುಣಸೆಹಣ್ಣು ಎಷ್ಟು ಹಾಕಬೇಕೆಂದು ಆಪಾಗೆ ಹೇಳುತ್ತಿದ್ದರು.

ಪೂಜೆಯಾಯಿತು. ಚರಗದ ಬುಟ್ಟಿಯನ್ನು ನನ್ನ ಗಂಡ ತೆಗೆದುಕೊಂಡರು. ಆಫೀಸಿನ ಫೈಲು ವಿಲೇವಾರಿ ಮಾಡುವವರಂತೆ ಬದನೆಯ ಸಾಲಿಗೆ ನಾಲ್ಕು ಹಿಡಿ ಎಸೆದು ಮುಗಿಸಲು ನೋಡಿದರು.

“ಏ ತಮ್ಮಾ! ಕೋಳಿಗಿ ಕಾಳ್ ಹಾಕ್ಲತ್ತಿಯೇನ? ಕೊಡು ಇಲ್ಲಿ!”

ಅತ್ತೆ ಎದ್ದಿದ್ದರು. ಬುಟ್ಟಿ ಕಸಿದುಕೊಂಡು ಸೊಂಟಕ್ಕೆ ಆನಿಸಿಕೊಂಡು ಮೆಂತ್ಯದ ಮಡಿಯ ಅಂಚಿನಲ್ಲಿ ನಡೆದರು. ಒಂದೊಂದು ಮೂಲೆಗೂ ನಿಂತು, ಹಿಡಿ ತುಂಬ ತೆಗೆದು, ತಾಯಿಗೆ ಉಣಿಸುವಂತೆ ಚೆಲ್ಲಿದರು. ಹಿಂದೆ ನಾನು ತಂಬಿಗೆಯಿಂದ ನೀರು ಚಿಮುಕಿಸುತ್ತ ನಡೆದೆ. ನನ್ನ ಗಂಡ ವಾಕರ್ ಎತ್ತಿಕೊಂಡು ಓಡಿಬರುತ್ತಿದ್ದರು. ನಾನು ಕಣ್ಣಲ್ಲೇ ತಡೆದೆ. ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತು ನೋಡಿದರು.

ಪೂರಾ ಸುತ್ತು ಮುಗಿಸಿ ಕುರ್ಚಿಯ ಹತ್ತಿರ ಬಂದಾಗಲೇ ಅತ್ತೆಗೆ ತಿಳಿದದ್ದು. ತಮ್ಮ ಕಾಲುಗಳನ್ನು ನೋಡಿಕೊಂಡರು, ನಮ್ಮೆಲ್ಲರ ಮುಖ ನೋಡಿದರು.

“ಯಾಕ ಹಿಂಗ ನೋಡ್ಲತ್ತೀರಿ? ಭಜ್ಜಿ ಆರ್ತದ, ಕೂಡ್ರಿ ಊಟಕ್ಕ,” ಎಂದರು. ನಾದಿನಿ ಓಡಿಬಂದು ಅವರನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ನಾನೂ ಅಷ್ಟೇ.

ಅತ್ತೆ ಮತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ಜಮಖಾನದ ಮೇಲೆ ಕೂತವರ ನಡುವೆ ಓಡಾಡುತ್ತ, ಒಲ್ಲೆ ಎಂದವರಿಗೂ ಎರಡೆರಡು ಸೌಟು ಭಜ್ಜಿ ಸುರಿದರು. ದೇಗಿನ ತಳ ಕಂಡಾಗ ಮನೆಯವರಿಗೆ ಉಳಿದದ್ದು ಅಂಬಲಿ, ಎರಡು ರೊಟ್ಟಿ. ಅದನ್ನೇ ಐದು ಪಾಲು ಮಾಡಿ, ಆಪಾನನ್ನೂ ಕೂರಿಸಿಕೊಂಡು, ಪೇರಲ ಗಿಡದ ನೆರಳಿನಲ್ಲಿ ಉಂಡೆವು.