ಕೆರೆ ದಂಡೆಯ ತುಂಬೆ ಹೂವು

ಯುದ್ಧದ ಕಾಲ. ಹಿರೇಕೆರೂರಿನ ತಾಲೂಕು ಕಚೇರಿಯಲ್ಲಿ ನಾನು ಹೊಸ ಕಾರಕೂನ. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಹಿರಿಯ ಕಾರಕೂನರು ನನ್ನನ್ನು ಕೆರೆ ದಂಡೆಗೆ ಕರೆದೊಯ್ಯುತ್ತಿದ್ದರು. ಮಳೆಗಾಲ ಮುಗಿದಾಗ ಅಲ್ಲಿ ಹುಲ್ಲಿನ ನಡುವೆ ತರತರದ ಹೂಗಳು ಅರಳುತ್ತಿದ್ದವು. ಅವುಗಳ ಹೆಸರನ್ನೆಲ್ಲ ನನಗೆ ಕಲಿಸಿದವರು ಅವರೇ.

ಒಂದು ದಿನ ಅವರು ಕುಳಿತು, ಹುಲ್ಲಿನಲ್ಲಿ ಕೈಯಾಡಿಸಿ, ಏನನ್ನೋ ಕಿತ್ತು ನನ್ನ ಅಂಗೈಗೆ ಹಾಕಿದರು.

"ತುಂಬಿ ಹೂವು ನೋಡೋ ತಮ್ಮಾ, ಎಷ್ಟ ಬೆಳ್ಳಗ ಅದಾವ!"

ಅಂಗೈಯಲ್ಲಿದ್ದದ್ದು ಒಣಹುಲ್ಲಿನ ತೆನೆ. ತುಂಬೆ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು.

"ಹೌದ್ರಿ, ಭಾಳ ಚಂದ ಅದಾವ್ರಿ," ಅಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವರ ಮುಖ ಸಣ್ಣದಾಯಿತು.

"ಯಾರ ಮುಂದೂ ಹೇಳಬ್ಯಾಡಪ್ಪಾ. ಪೆನ್ಶನ್ನಿಗೆ ಇನ್ನೂ ಎರಡು ವರ್ಷ ಅದ."

ಅಂದಿನಿಂದ ಅವರ ಕಾಗದಗಳನ್ನು ನಾನೇ ಮೆಲ್ಲಗೆ ಓದಿ ಹೇಳತೊಡಗಿದೆ. ದೀಪಾವಳಿ ಕಳೆದ ಮೇಲೆ ಹೊಸ ಮಾಮಲೇದಾರರು ಬಂದರು. ಮೊದಲ ದಿನವೇ ಹಿರಿಯರ ಕೈಗೆ ಒಂದು ಅರ್ಜಿ ಕೊಟ್ಟು, "ಓದ್ರಿ" ಅಂದರು. ಹಿರಿಯರು ಕಾಗದವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಕತ್ತು ತಿರುಗಿಸಿ ನನ್ನನ್ನು ಹುಡುಕಿದರು. ಎಲ್ಲರೆದುರು ನಾನು ಏನು ಮಾಡಲಿ? ಗೋಡೆಗೆ ಆನಿಕೊಂಡು ನಿಂತೇ ಇದ್ದೆ. ವಾರದೊಳಗೆ ಅವರನ್ನು ಮನೆಗೆ ಕಳಿಸಿದರು.