ಎದೆಯ ಸದ್ದು ಕಲಿಸುತ್ತಿದ್ದ ಡಾಕ್ಟರಮ್ಮ

ಎದೆಯ ಸದ್ದು ಕೇಳುವಾಗ ಡಾಕ್ಟರಮ್ಮ ಕಣ್ಣು ಮುಚ್ಚುತ್ತಿದ್ದರು. ಕೆಳತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು, ಒಳಗೊಳಗೇ ತಾಳ ಹಾಕುವವರಂತೆ. ಆಮೇಲೆ ಕೇಳಿಸಿದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದರು: "ಲಬ್... ಶ್ಶ್... ಡಬ್." ಕಲಿಯಲು ಬರುತ್ತಿದ್ದ ಹುಡುಗರು ಅವರಿಗೆ ಇಟ್ಟಿದ್ದ ಹೆಸರು ಕುಕ್ಕರ್ ಮೇಡಂ.

ತೊಂಬತ್ತರ ದಶಕದಲ್ಲಿ, ಹೃದಯದ ವಾಲ್ವ್ ಸೋರುತ್ತಿದೆಯೆಂದು ನಾನು ಶಿವಾಜಿನಗರದ ಆಸ್ಪತ್ರೆಯೊಂದನ್ನು ಸೇರಿದ್ದೆ. ಹಲಸೂರಿನಲ್ಲಿ ಕಬ್ಬಿಣ ಕಡೆಯುವ ಸ್ವಂತ ಲೇತ್ ಇಟ್ಟುಕೊಂಡು ಯಾರ ಹಂಗಿಲ್ಲದೆ ಬದುಕಿದವನು ನಾನು. ಮೊದಲ ದಿನವೇ, ಡಾಕ್ಟರಮ್ಮನ ಜೊತೆ ಬಂದ ಹುಡುಗರಲ್ಲೊಬ್ಬ ಮಾತಿಲ್ಲದೆ ನನ್ನ ಅಂಗಿಯ ಗುಂಡಿಗೆ ಕೈ ಹಾಕಿದ. ತಳ್ಳಿದೆ.

"ಏನ್ರೀ, ನಾನೇನ್ ಸಂತೇಲಿ ನಿಂತಿರೋ ಎತ್ತಾ?"

ಉಳಿದವರು ನಕ್ಕರು. ಡಾಕ್ಟರಮ್ಮ ನಗಲಿಲ್ಲ. "ಅವರ ಹೆಸರೇನಪ್ಪ?" ಎಂದು ಹುಡುಗನನ್ನು ಕೇಳಿದರು.

"ವಾಲ್ವ್ ಕೇಸ್, ಮೇಡಂ."

"ಅದು ಕಾಯಿಲೆ. ಹೆಸರು ಕೇಳ್ಕೋ. ಮುಟ್ಟಬಹುದಾ ಅಂತಾನೂ ಕೇಳು."

ಅವನು ಕೇಳಿದ. ಅಂಗಿಯನ್ನು ನಾನೇ ಬಿಚ್ಚಿದೆ. ಮನೆಗೆ ಬಂದ ಮೇಲೂ, ಹುಡುಗರಿಗೆ ನನ್ನ ಎದೆಯ ಸದ್ದು ಕೇಳಿಸಿ ಪಾಠ ಮಾಡಲು ಡಾಕ್ಟರಮ್ಮ ಹೇಳಿಕಳಿಸಿದರೆ, ಲೇತ್ ನಿಲ್ಲಿಸಿ ಹೋಗುತ್ತಿದ್ದೆ.

ಒಮ್ಮೆ ಹುಡುಗರು ಬಾಗಿಲಾಚೆ ಮಾತಾಡಿಕೊಂಡರು.

"ಒಂದು ಎದೆಗೆ ಇಡೀ ಬೆಳಗ್ಗೆ ಹೋಯ್ತು ಗುರು. ಆ ಕಡೆ ವಾರ್ಡ್ ಸರ್ ಎಕ್ಸಾಮ್‌ಗೆ ಬರೋದನ್ನಷ್ಟೇ ಹೇಳಿ ಬಿಟ್ಬಿಡ್ತಾರೆ."

"ಸ್ಕ್ಯಾನ್ ಮಾಡಿಸಿದ್ರೆ ಎಲ್ಲಾ ಕಾಣತ್ತೆ ಮಗಾ. ಕುಕ್ಕರ್ ಯಾಕೆ?"

ಡಾಕ್ಟರಮ್ಮನಿಗೂ ಕೇಳಿಸಿತು. ನನ್ನ ಕಡೆ ತಿರುಗಿ, "ಪಾಸಾಗ್ಬೇಕಲ್ಲ, ಪಾಪ," ಎಂದರು. "ಆದ್ರೆ ಸ್ಕ್ಯಾನ್ ಇಲ್ಲದ ಊರಿಗೆ ಹಾಕಿದ್ರೆ ಏನ್ಮಾಡ್ತಾರೆ?"

ಬರುಬರುತ್ತಾ ಮಂಚದ ಸುತ್ತ ನಿಲ್ಲುವವರು ಕಡಿಮೆಯಾದರು. ಮುಂದಿನ ಓದಿನ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಶುರುವಾಗಿತ್ತು. ಬೆಳಗ್ಗೆಯೇ ಅಲ್ಲಿಗೆ ಓಡುತ್ತಿದ್ದರು. ಡಾಕ್ಟರಮ್ಮ ನಿವೃತ್ತರಾಗುವ ವಾರ ನನಗೆ ಕೊನೆಯ ಸಲ ಹೇಳಿಕಳಿಸಿದರು. ಅಂಗಿ ಬಿಚ್ಚಿ ಕೂತೆ. ಅವರು ಬಾಗಿಲನ್ನೇ ನೋಡುತ್ತಿದ್ದರು. ತರಿಸಿದ ಟೀ ಆರಿಹೋಯಿತು. ಒಬ್ಬರೂ ಬರಲಿಲ್ಲ.

ನಾನು ಅಂಗಿಗೆ ಕೈ ಚಾಚಿದೆ.

"ಇರಿ," ಎಂದು ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಸಿಕ್ಕಿಸಿದರು. ಬಿಲ್ಲೆಯನ್ನು ನನ್ನ ಎದೆಗೆ ಒತ್ತಿ ಹಿಡಿದರು.

ಮೊದಲು ಏನೂ ತಿಳಿಯಲಿಲ್ಲ. "ಅವಸರ ಬೇಡ," ಎಂದರು. ಎಷ್ಟೋ ಹೊತ್ತಿಗೆ ಸದ್ದು ಸಿಕ್ಕಿತು.

"ಹೇಗಿದೆ, ಹೇಳಿ."

"ನಲ್ಲಿ ನಿಲ್ಸಿದ್ ಮೇಲೂ ನೀರು ಹಿಂದಕ್ಕೆ ಜಾರ್ದಂಗಿದೆ, ಮೇಡಂ."

"ಸರಿಯಾಗ್ ಕೇಳಿದ್ರಿ," ಎಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಯಾವ ಮೇಷ್ಟರೂ ಹೇಳಿರದ ಮಾತದು.

ಕೆಲವು ವರ್ಷಗಳ ಮೇಲೆ ನನಗೆ ಆಪರೇಷನ್ ಆಗಿ ಲೋಹದ ವಾಲ್ವ್ ಬಂತು. ತಿಳಿಸಲೆಂದು ಜೀವನ್ ಬಿಮಾ ನಗರದ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಆರು ತಿಂಗಳಾಯಿತೆಂದು ಪಕ್ಕದ ಮನೆಯವರು ಹೇಳಿದರು.

ಲೇತ್ ನಿಂತಾಗ ಎದೆಯೊಳಗೆ ಟಿಕ್ ಟಿಕ್ ಎನ್ನುವುದು ಬರಿಗಿವಿಗೇ ಕೇಳಿಸುತ್ತದೆ. ಹೇಗಿದೆಯೆಂದು ನಾನು ಈಗ ಚೆನ್ನಾಗಿ ಹೇಳಬಲ್ಲೆ. ಕೇಳುವವರಿಲ್ಲ.