ನೀಲಿ ಸಾಲಿನಲ್ಲಿ ಕುಲದೇವತೆ

ಅಕ್ಕನ ಕೌದಿಗಳಿಗೆ ನಾನೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಅದರ ಮಾತುಗಳನ್ನು ಬರೆದವನು ಅಪ್ಪ. ಅಲ್ಲೇ ಎಡವಟ್ಟಾಯಿತು.

ಅಪ್ಪ ಹಾನಗಲ್ಲಿನಲ್ಲಿ ಬಹಳ ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದವನು. ಅಕ್ಕನನ್ನು ಕೊಟ್ಟದ್ದು ಹಿರೇಬೆಂಡಿಗೇರಿಗೆ. ಅಲ್ಲಿ ಅವಳು ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹಳೆ ಸೀರೆಗಳಿಂದ ಕೌದಿ ಹೊಲಿಸುತ್ತಾಳೆ. ಸುತ್ತಲಿನ ಊರವರು ಸೀರೆ ತಂದುಕೊಟ್ಟು ಹೊಲಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಎಲ್ಲರಿಗೂ ಅಂಗಡಿಯ ಮೆತ್ತನೆ ರಗ್ಗು ಬೇಕಾಯಿತು. ಅಡಿಕೆ ಸುಲಿಯುವ ಕಾಲ ಬಂದರೆ ಹೆಂಗಸರೆಲ್ಲ ಹಾನಗಲ್ ಕಡೆ ಕೂಲಿಗೆ ಹೋಗುವವರೇ. ಒಮ್ಮೆ ಚದುರಿದರೆ ಮತ್ತೆ ಕೂಡುವುದಿಲ್ಲ ಎಂದು ಅಕ್ಕನಿಗೆ ಹೆದರಿಕೆ. "ದೂರದವರು ಹೊಲಿಸ್ತಾರ, ನೀವು ಹೋಗಬ್ಯಾಡ್ರಿ ಅಂತ ಹೇಳಿಬಿಟ್ಟೇನಿ," ಎಂದಳು ನನಗೆ. "ಆ ಮಾತು ಸುಳ್ಳಾಗಬಾರದು ನೋಡು."

ದಿನಾ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ನಾನು ಲೆಕ್ಕ ನೋಡುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ಯಾರಾದರೂ ಕೌದಿ ಎಂದು ಹುಡುಕಿದಾಗ ನಮ್ಮ ವೆಬ್‌ಸೈಟಿನ ತಲೆಬರಹದ ನೀಲಿ ಸಾಲು ಎಷ್ಟು ಸಲ ಕಂಡಿತು, ಕಂಡವರಲ್ಲಿ ಎಷ್ಟು ಜನ ಅದನ್ನು ಒತ್ತಿ ಒಳಗೆ ಬಂದರು ಎಂಬುದು ಅದರಲ್ಲಿ ತಿಳಿಯುತ್ತದೆ. ಕಾಣುವುದೇನೋ ಚೆನ್ನಾಗಿ ಕಾಣುತ್ತಿತ್ತು, ಒತ್ತುವವರೇ ಇಲ್ಲ. ಸಂತೆಯ ನಟ್ಟನಡುವೆ ಅಂಗಡಿ ಹಾಕಿದರೂ ಏನು ಮಾರುತ್ತೀರಿ ಎಂದು ಒಬ್ಬರೂ ಕೇಳದ ಹಾಗೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಫೋಟೋ ಬದಲಿಸಿದೆ, ಬಣ್ಣ ಬದಲಿಸಿದೆ. ಒಳಗಿನ ಸಿಂಗಾರ ಹೊರಗೆ ನಿಂತವರಿಗೆ ಕಾಣುವುದಿಲ್ಲ ಎಂಬುದು ಹೊಳೆಯಲೇ ಇಲ್ಲ ನೋಡಿ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕೊನೆಗೊಮ್ಮೆ ಗಿರಾಕಿಯ ಹಾಗೆ ನಾನೇ ಮೊಬೈಲಿನಲ್ಲಿ ಹುಡುಕಿದೆ. ನಮ್ಮ ನೀಲಿ ಸಾಲಿನಲ್ಲಿ ಕಂಡದ್ದು ಇದು: 'ಶ್ರೀ ಕುಲದೇವತಾ ಪ್ರಸನ್ನ, ಗುರುಹಿರಿಯರ ಕೃಪಾಶೀರ್ವಾದಗಳೊಂದಿಗೆ...' ಅಷ್ಟಕ್ಕೇ ಜಾಗ ಮುಗಿದು ಮೂರು ಚುಕ್ಕಿ. ಕೌದಿ ಎಂಬ ಮಾತು ಆ ಚುಕ್ಕಿಗಳ ಆಚೆ ಎಲ್ಲೋ ಸಿಕ್ಕಿಬಿದ್ದಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಾರದೋ ಮದುವೆ ಎಂದುಕೊಂಡು ಜನ ಮುಂದೆ ಹೋಗುತ್ತಿದ್ದರು.

ಅಪ್ಪನಿಗೆ ಹೇಳಿದರೆ ಅವನು ಜಗ್ಗಲಿಲ್ಲ. ದೇವರನ್ನು ಬಿಟ್ಟು ತಾನು ಒಂದು ಕಾರ್ಡೂ ಅಚ್ಚು ಹಾಕಿದವನಲ್ಲ ಎಂದ. ಲಗ್ನಪತ್ರಿಕೆಯನ್ನಾದರೆ ಮನೆಗೆ ಬಂದು ಕೈಗೆ ಕೊಡುತ್ತಾರೆ, ಇದನ್ನು ಯಾರು ಕೊಡುತ್ತಾರೆ ಎಂದು ನಾನು ಜಗಳಕ್ಕೇ ನಿಂತೆ. ಜನ ಏನೇನು ಟೈಪು ಮಾಡಿ ಹುಡುಕಿದಾಗ ನಮ್ಮ ಸಾಲು ಕಂಡಿತ್ತೋ ಅದನ್ನೆಲ್ಲ ತೆಗೆದು ಅವನ ಮುಂದೆ ಓದತೊಡಗಿದೆ. ಕೌದಿ ಹೊಲಿಯುವವರು. ಹಳೆ ಸೀರೆ ಕೌದಿ. ಆಮೇಲೆ ಇದು ಬಂತು: ತೀರಿಕೊಂಡ ಅವ್ವನ ಸೀರೆ ಏನು ಮಾಡಬೇಕು.

ಇದನ್ನೇ ಬೇರೆ ಬೇರೆ ಮಾತಿನಲ್ಲಿ ಬಹಳ ಜನ ಕೇಳಿದ್ದರು. ನಮ್ಮ ಅವ್ವನೂ ಇಲ್ಲ. ಅವಳ ಸೀರೆಗಳು ಮಡಿಸಿಟ್ಟ ಹಾಗೇ ಇದ್ದವು, ಮನೆಯಲ್ಲಿ ಅವುಗಳ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನನಗೆ ಅಳು ಬಂತು. ಅಪ್ಪ ಇನ್ನೊಮ್ಮೆ ಓದು ಎಂದ. ಓದಿದೆ.

"ದೇವರು ಒಳಗ ಕುಂತಿರ್ಲಿ," ಎಂದ ಅವನು. "ಮೊದಲ ಅವರನ್ನ ಕರಿ."

ಹೊಸ ಸಾಲನ್ನೂ ಅವನೇ ಬರೆದ: 'ಅವ್ವನ ಸೀರೆ ಕಳಿಸಿ, ಕೌದಿ ಹೊಲಿದು ಕೊಡುತ್ತೇವೆ.' ಉಳಿದದ್ದೇನನ್ನೂ ನಾನು ಮುಟ್ಟಲಿಲ್ಲ. ಹತ್ತು ಕಡೆ ಕೈಯಾಡಿಸಿದರೆ ಯಾವುದರಿಂದ ಜನ ಬಂದರೆಂದು ತಿಳಿಯುವುದಿಲ್ಲ. ಕೆಲವು ವಾರ ಕಾದೆವು. ಸಾಲು ಕಾಣುವುದು ಮೊದಲಿನಷ್ಟೇ ಇತ್ತು, ಒತ್ತುವವರು ಮಾತ್ರ ಏರತೊಡಗಿದರು. ಅಪ್ಪ ಬೆಳಿಗ್ಗೆ ಚಹಾಕ್ಕಿಂತ ಮೊದಲು ಲೆಕ್ಕ ಕೇಳುವ ಹಾಗಾಯಿತು.

ಮೊದಲ ಪಾರ್ಸಲ್ಲು ಬಂದ ದಿನ ನಾನು ಹಿರೇಬೆಂಡಿಗೇರಿಯಲ್ಲಿದ್ದೆ. ಬಿಚ್ಚಿದರೆ ನೂಲಿನ ಸೀರೆಗಳು, ಉಟ್ಟು ಉಟ್ಟು ಮೆತ್ತಗಾದವು. ಯಾರ ಸೀರೆಯೇ ಬರಲಿ, ತೊಳೆದು ಒಣಗಿಸಿಯೇ ಹೊಲಿಯಲು ಕೂಡುವುದು ಅವರ ರೂಢಿ. ಹೆಂಗಸರಲ್ಲಿ ಹಿರಿಯಳು ಬಕೆಟ್ಟು ತರಲು ಎದ್ದಳು. ಅಕ್ಕ ತಡೆದಳು. ಕಳಿಸಿದವರು ಫೋನ್ ಮಾಡಿ ಕೇಳಿಕೊಂಡಿದ್ದರಂತೆ: ತೊಳೆಯಬೇಡಿ, ಅವ್ವನ ವಾಸನೆ ಇನ್ನೂ ಇದೆ.

ಅಷ್ಟರಲ್ಲಿ ಅಡಿಕೆ ಕೂಲಿಗೆ ಕರೆದೊಯ್ಯುವ ಟೆಂಪೋ ಓಣಿಯೊಳಗೆ ಬಂದು ಹಾರ್ನ್ ಹೊಡೆಯಿತು. ಅಕ್ಕ ತಲೆ ಎತ್ತಲಿಲ್ಲ. ಹಿರಿಯಳು ಮತ್ತೆ ಕುಳಿತು ಸೀರೆಯನ್ನು ಮಡಿಲಿಗೆ ಎಳೆದುಕೊಂಡಳು, ಸೂಜಿಗೆ ದಾರ ಪೋಣಿಸುತ್ತಲೇ ಹೊರಗಿನವರಿಗೆ ಕೇಳುವ ಹಾಗೆ ಹೇಳಿದಳು: "ಹೋಗ್ರಿ ನೀವು, ನಮಗ ಇಲ್ಲೇ ಕೆಲಸ ಐತಿ."